ಸ್ನಾಯುವಿಲ್ಲದ ಗಿಡ ಹುಳ ಹಿಡಿಯುವುದು ಹೇಗೆ?

ವೀನಸ್ ಫ್ಲೈಟ್ರ್ಯಾಪ್ ಗಿಡದ ವಿಡಿಯೋ ನೋಡದವರು ಈಗ ಕಡಿಮೆ. ಎಲೆ ಬಾಯಿ ತೆರೆದುಕೊಂಡಿರುತ್ತದೆ, ನೊಣ ಬಂದು ಕೂರುತ್ತದೆ, ಟಪ್ ಅಂತ ಬಾಯಿ ಮುಚ್ಚುತ್ತದೆ. ಜೊತೆಗೆ ಬರುವ ವಿವರಣೆಯೂ ಹೆಚ್ಚುಕಮ್ಮಿ ಒಂದೇ ಥರ: ಈ ಗಿಡ ಯೋಚಿಸುತ್ತದೆ, ಎಣಿಸುತ್ತದೆ, ನೆನಪಿಟ್ಟುಕೊಳ್ಳುತ್ತದೆ, ಹೊಂಚು ಹಾಕುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ಇದರಲ್ಲಿ ಅಸಲಿ ಪ್ರಶ್ನೆಯೇ ಕಳೆದುಹೋಗುತ್ತದೆ. ಪ್ರಾಣಿ ಬಾಯಿ ಮುಚ್ಚುವುದು ಸ್ನಾಯುವಿನಿಂದ. ಗಿಡಕ್ಕೆ ಸ್ನಾಯು ಇಲ್ಲ, ನರವೂ ಇಲ್ಲ, ಸಾಲದ್ದಕ್ಕೆ ಅದರ ಪ್ರತಿ ಕೋಶದ ಸುತ್ತಲೂ ಒಂದು ಗಟ್ಟಿ ಗೋಡೆ. ಹಾಗಿದ್ದೂ ಒಂದು ಎಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಕೊಳ್ಳುತ್ತದಲ್ಲ, ಆ ಬಲ ಬಂದದ್ದು ಎಲ್ಲಿಂದ?

ಉತ್ತರ ಸ್ವಲ್ಪ ವಿಚಿತ್ರವಾಗಿದೆ. ಹುಳ ಬಂದು ಮುಟ್ಟಿದಾಗ ಗಿಡ ಹೊಸದಾಗಿ ಮಾಡುವ ಕೆಲಸ ತೀರಾ ಕಡಿಮೆ. ಕಷ್ಟದ ಕೆಲಸವೆಲ್ಲ ಅದಕ್ಕೆ ಮುಂಚೆಯೇ, ನಿಧಾನವಾಗಿ, ಯಾರ ಕಣ್ಣಿಗೂ ಬೀಳದ ಹಾಗೆ ಮುಗಿದಿರುತ್ತದೆ. ಹುಳದ ಕಾಲು ತಗಲುವುದು ಅದನ್ನು ಬಿಡುಗಡೆ ಮಾಡುವುದಕ್ಕೆ ಮಾತ್ರ.

ಇದು ಅರ್ಥವಾಗಬೇಕಾದರೆ ಗಿಡಗಳು ಸಾಮಾನ್ಯವಾಗಿ ಹೇಗೆ ಅಲುಗುತ್ತವೆ ಅಂತ ಮೊದಲು ನೋಡಬೇಕು. ಗಿಡದ ದೊಡ್ಡ ಬಂಡವಾಳ ನೀರು. ಕೋಶದೊಳಗೆ ನೀರು ತುಂಬಿದರೆ ಅದು ಉಬ್ಬಿ ಬಿಗಿಯಾಗುತ್ತದೆ, ನೀರು ಹೊರಗೆ ಹೋದರೆ ಸೊರಗುತ್ತದೆ. ಒಂದು ಮಗ್ಗುಲಿನ ಕೋಶಗಳು ಬಿಗಿಯಾಗಿದ್ದು ಇನ್ನೊಂದು ಮಗ್ಗುಲಿನವು ಸೊರಗಿದರೆ ಆ ಭಾಗ ಬಾಗಲೇಬೇಕು. ಮುಟ್ಟಿದರೆ ಮುನಿ ಗಿಡದಲ್ಲಿ ಆಗುವುದು ಇದೇ. ಎಲೆತೊಟ್ಟಿನ ಬುಡದಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ, ಅದರ ಕೆಳಮಗ್ಗುಲಿನ ಕೋಶಗಳು ನೀರು ಬಿಟ್ಟುಕೊಡುತ್ತವೆ, ಎಲೆ ಜೋತುಬೀಳುತ್ತದೆ.

ನೀರಿನ ತೊಂದರೆ ಏನೆಂದರೆ ಅದು ಗಿಡದ ಮೈಯೊಳಗೆ ಬೇಗ ಓಡಾಡಲಾರದು. ಕೋಶದಿಂದ ಕೋಶಕ್ಕೆ ಜಿನುಗುತ್ತಾ ಹೋಗಬೇಕು. ಎಲೆ ಎರಡು ಪಟ್ಟು ದಪ್ಪವಾದರೆ ನೀರು ಅದನ್ನು ದಾಟಲು ಬೇಕಾಗುವ ಸಮಯ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಜಾನ್ ಸ್ಕಾಥೈಮ್ ಮತ್ತು ಎಲ್. ಮಹಾದೇವನ್ 2005ರಲ್ಲಿ ಈ ಲೆಕ್ಕವನ್ನು ಹಿಡಿದುಕೊಂಡು ಗಿಡಗಳು ಮತ್ತು ಶಿಲೀಂಧ್ರಗಳ ಚಲನೆಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಇಟ್ಟು ನೋಡಿದರು. ಒಂದು ಗೆರೆ ಕಾಣಿಸಿತು. ಗೆರೆಯ ಈಚೆಗಿನ ಚಲನೆಗಳಿಗೆ ನೀರಿನ ಹರಿವೇ ಸಾಕು. ಗೆರೆ ದಾಟಿದ ವೇಗ ಬೇಕು ಅಂದರೆ ಬೇರೆ ದಾರಿ ಹಿಡಿಯಬೇಕು. ಒಂದೋ ಮೈಯಲ್ಲಿ ಬಿಗಿತ ಕೂಡಿಟ್ಟು ಅದನ್ನು ಒಮ್ಮೆಲೇ ಬಿಡಬೇಕು, ಇಲ್ಲವೇ ಯಾವುದಾದರೂ ಭಾಗ ಸಿಡಿದು ಒಡೆಯಬೇಕು. ಫ್ಲೈಟ್ರ್ಯಾಪ್‌ನ ಎಲೆ ಆ ಗೆರೆ ದಾಟಿದ ಗುಂಪಿನದು.

ಈಗ ಎಲೆಯ ಹತ್ತಿರ ಹೋಗೋಣ. ಇದು ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾದ ಕರಾವಳಿ ಬಯಲಿನ ಜೌಗು ನೆಲದಲ್ಲಿ ಮಾತ್ರ ತಾನಾಗಿ ಬೆಳೆಯುವ ಗಿಡ. ಎಲೆಯ ತುದಿ ಎರಡು ಹೋಳಾಗಿ ಬೋನಿನ ಥರ ತೆರೆದುಕೊಂಡಿರುತ್ತದೆ, ಅಂಚಿನ ಸುತ್ತ ಹಲ್ಲಿನಂಥ ಮುಳ್ಳುಗಳು. ಆದರೆ ಆ ಹಲ್ಲುಗಳಿಗೆ ಸ್ಪರ್ಶ ಗೊತ್ತಾಗುವುದಿಲ್ಲ. ಗೊತ್ತಾಗುವುದು ಒಳಮೈಯ ಮೇಲಿರುವ ಸಣ್ಣ ಕೂದಲುಗಳಿಗೆ. ಒಂದೊಂದು ಹೋಳಿನ ಮೇಲೆ ಸಾಮಾನ್ಯವಾಗಿ ಮೂರೇ ಮೂರು. ಸುಮ್ನೆ ನೋಡಿದರೆ ಕಣ್ಣಿಗೂ ಬೀಳುವುದಿಲ್ಲ. ಈ ಕೂದಲಿನ ರಚನೆಯೇ ಒಂದು ಚಂದ. ಮೇಲಿನ ಭಾಗ ಗಟ್ಟಿ, ಬಾಗುವುದಿಲ್ಲ. ಬುಡದ ಹತ್ತಿರ ಮಾತ್ರ ಸುತ್ತಲೂ ಒಂದು ಕಚ್ಚು ಹಾಕಿದ ಹಾಗಿರುತ್ತದೆ. ಹುಳದ ಕಾಲು ತುದಿಗೆ ತಗಲಿದರೆ ಕೂದಲು ಆ ಕಚ್ಚಿನಲ್ಲೇ ಮಡಚಿಕೊಳ್ಳುತ್ತದೆ, ಹಾಗಾಗಿ ಉದ್ದ ಕೂದಲಿನ ತುದಿಯ ಪುಟ್ಟ ತಳ್ಳಾಟವೆಲ್ಲ ಬುಡದ ಕೆಲವೇ ಕೋಶಗಳ ಮೇಲೆ ಬಂದು ಬೀಳುತ್ತದೆ. ಆ ಕೋಶಗಳ ಪೊರೆ ಎಳೆದಾಡಿದಂತಾಗಿ ಅಲ್ಲಿನ ಬಾಗಿಲುಗಳು ತೆರೆಯುತ್ತವೆ, ವಿದ್ಯುತ್ ಅಂಶವಿರುವ ಕಣಗಳು ಅತ್ತಿತ್ತ ನುಗ್ಗುತ್ತವೆ, ಒಂದು ವಿದ್ಯುತ್ ಮಿಡಿತ ಹುಟ್ಟಿ ಎಲೆಯಿಡೀ ಹರಡುತ್ತದೆ.

ಗಿಡದಲ್ಲಿ ವಿದ್ಯುತ್ ಅಂದರೆ ಹೊಸ ವಿಷಯ ಅನ್ನಿಸಬಹುದು. ಹೊಸದಲ್ಲ. ಲಂಡನ್ನಿನ ಶರೀರವಿಜ್ಞಾನಿ ಜಾನ್ ಬರ್ಡನ್ ಸ್ಯಾಂಡರ್‌ಸನ್ ಇದೇ ಎಲೆಯಲ್ಲಿ ಆ ಮಿಡಿತವನ್ನು 1873ರಲ್ಲೇ ಅಳೆದಿದ್ದರು. ಅವರ ಬೆನ್ನಿಗಿದ್ದವರು ಚಾರ್ಲ್ಸ್ ಡಾರ್ವಿನ್. ಕೀಟ ತಿನ್ನುವ ಗಿಡಗಳ ಬಗ್ಗೆ ಡಾರ್ವಿನ್ ಬರೆದ ಪುಸ್ತಕ ಬಂದದ್ದು ಅದಾದ ಎರಡು ವರ್ಷಕ್ಕೆ, 1875ರಲ್ಲಿ.

ಮಿಡಿತ ಬಂತು, ಸರಿ. ಮುಂದೆ? ಇಲ್ಲಿ ಎಲೆಯ ಆಕಾರ ಮುಖ್ಯ. ಬೋನು ತೆರೆದಿರುವಾಗ ಪ್ರತಿ ಹೋಳಿನ ಒಳಮೈ ಮೇಲಕ್ಕೆ ಉಬ್ಬಿರುತ್ತದೆ, ಮುಚ್ಚಿದ ಮೇಲೆ ಅದೇ ಒಳಮೈ ತಗ್ಗಾಗಿರುತ್ತದೆ. ಅಂದರೆ ಎರಡು ಹೋಳುಗಳು ಬಾಗಿಲಿನಂತೆ ತಿರುಗಿ ಬಂದು ಸೇರುವುದಲ್ಲ, ಒಂದೊಂದು ಹೋಳೂ ತನ್ನ ಬಾಗನ್ನೇ ತಿರುವುಮುರುವು ಮಾಡಿಕೊಳ್ಳುತ್ತದೆ. ಮಕ್ಕಳ ತಲೆಗೆ ಹಾಕುವ ತಗಡಿನ ಕ್ಲಿಪ್ ಇದೆಯಲ್ಲ, ಒಂದು ಹಂತದವರೆಗೆ ಒತ್ತಿದರೂ ಏನೂ ಆಗದೆ, ಆಮೇಲೆ ಟಕ್ ಅಂತ ತಾನೇ ಇನ್ನೊಂದು ಕಡೆಗೆ ಬಾಗಿಕೊಳ್ಳುವಂಥದ್ದು, ಎಲೆಯೂ ಹಾಗೇ. ನಡುವಿನ ಸ್ಥಿತಿಯಲ್ಲಿ ಅದು ನಿಲ್ಲಲಾರದು. ಆ ಕಡೆಗೆ ಸ್ವಲ್ಪ ದಾಟಿಸಿದರೆ ಸಾಕು, ಉಳಿದದ್ದನ್ನು ಕೂಡಿಟ್ಟ ಬಿಗಿತವೇ ಮಾಡಿಬಿಡುತ್ತದೆ.

ಇದನ್ನು ಅಳೆದು ತೋರಿಸಿದ್ದು 2005ರಲ್ಲಿ. ಯೋಯೆಲ್ ಫೋರ್ಟೆರ್, ಮಹಾದೇವನ್ ಮತ್ತು ಜೊತೆಗಾರರು ಎಲೆಯ ಮೇಲೆ ಸಣ್ಣ ಚುಕ್ಕಿಗಳನ್ನಿಟ್ಟು, ವೇಗದ ಕ್ಯಾಮೆರಾದಲ್ಲಿ ಹಿಡಿದು, ಒಂದೊಂದು ಚುಕ್ಕಿ ಎಷ್ಟು ಸರಿಯಿತು ಅಂತ ಲೆಕ್ಕ ಹಾಕಿದರು. ಮುಚ್ಚುವಿಕೆ ಒಂದೇ ವೇಗದಲ್ಲಿ ನಡೆಯುವುದಿಲ್ಲ ಅನ್ನುವುದು ಸ್ಪಷ್ಟವಾಯಿತು. ಮೊದಲ 20 ಶೇಕಡಾ ಚಲನೆಗೆ ಸುಮಾರು ಸೆಕೆಂಡಿನ ಮೂರನೇ ಒಂದು ಭಾಗ ಹಿಡಿಯುತ್ತದೆ. ಆಮೇಲೆ 60 ಶೇಕಡಾ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲೇ ಮುಗಿದುಹೋಗುತ್ತದೆ. ಕೊನೆಯ 20 ಶೇಕಡಾ ಮತ್ತೆ ನಿಧಾನ. ನಮ್ಮ ಕಣ್ಣಿಗೆ ಟಪ್ ಅಂತ ಕಾಣುವುದು ನಡುವಿನ ಆ ಭಾಗ. ಮೊದಲಿನ ನಿಧಾನದ ಹಂತದಲ್ಲೇ ಗಿಡ ತನ್ನ ಪಾಲಿನ ಕೆಲಸ ಮಾಡುವುದು. ಹೊರಮೈ ಸ್ವಲ್ಪ ಹಿಗ್ಗುತ್ತದೆ, ಎಲೆ ಬಾಗು ಬದಲಿಸುವ ಅಂಚಿಗೆ ಬರುತ್ತದೆ, ಅಲ್ಲಿಂದಾಚೆಗೆ ಜ್ಯಾಮಿತಿಯದೇ ಕಾರುಬಾರು.

ಜರ್ಮನಿಯ ಫ್ರೈಬುರ್ಗ್‌ನಲ್ಲಿ 2020ರಲ್ಲಿ ನಡೆದ ಕೆಲಸ ಇದಕ್ಕೆ ಇನ್ನೊಂದು ಮಾತು ಸೇರಿಸಿತು. ಎಲೆಯನ್ನು ಒಳಪದರ, ನಡುಪದರ, ಹೊರಪದರ ಅಂತ ಬಿಡಿಸಿ ನೋಡಿದಾಗ, ಹೊರಪದರ ಹಿಗ್ಗುವುದರ ಜೊತೆಗೆ ಒಳಪದರ ಕುಗ್ಗಲೂ ಬೇಕು ಅನ್ನುವುದು ಕಂಡಿತು. ಎಲೆ ಚೆನ್ನಾಗಿ ನೀರು ಕುಡಿದು ಬಿಗಿಯಾಗಿಲ್ಲದಿದ್ದರೆ ಆ ಟಕ್ ಆಗುವುದೇ ಇಲ್ಲ. ಬಾಯಾರಿದ ಗಿಡದ ಬೋನು ಸರಿಯಾಗಿ ಕೆಲಸ ಮಾಡದಿರುವುದಕ್ಕೆ ಕಾರಣ ಇದು. ಗಿಡ ನೀರನ್ನು ಮೊದಲೇ ತುಂಬಿಸಿ ಬಿಗಿ ಮಾಡಿಟ್ಟುಕೊಂಡಿರಬೇಕು, ಹುಳ ಬಂದಾಗ ತುಂಬಿಸುತ್ತೇನೆ ಅಂದರೆ ಕೆಲಸ ಕೆಟ್ಟಿತು.

ಇನ್ನು ಎಣಿಕೆಯ ವಿಷಯ. ಒಂದು ಸಲ ಕೂದಲು ಮುಟ್ಟಿದರೆ ಬೋನು ಮುಚ್ಚುವುದಿಲ್ಲ. ಸುಮಾರು 20–30 ಸೆಕೆಂಡಿನೊಳಗೆ ಎರಡನೇ ಸಲ ತಗಲಿದರೆ ಮುಚ್ಚುತ್ತದೆ. ಮೊದಲ ತಗಲುವಿಕೆ ಬರೀ ಮಳೆಹನಿಯದೋ ಗಾಳಿಗೆ ಬಂದ ಕಸದ್ದೋ ಆಗಿರಬಹುದು, ಎರಡನೆಯದೂ ಬಂತೆಂದರೆ ಒಳಗೆ ಏನೋ ಓಡಾಡುತ್ತಿದೆ ಅಂತ ಅರ್ಥ. ಜಪಾನಿನ ಒಕಾಝಾಕಿಯಲ್ಲಿರುವ ಮಿತ್ಸುಯಾಸು ಹಸೆಬೆ ಅವರ ತಂಡ 2020ರಲ್ಲಿ ಇದರ ಒಳಗುಟ್ಟನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿತು. ಕ್ಯಾಲ್ಸಿಯಂ ಜಾಸ್ತಿಯಾದರೆ ಹೊಳೆಯುವ ಒಂದು ಪ್ರೋಟೀನನ್ನು ಗಿಡದೊಳಗೆ ಸೇರಿಸಿದರು. ಕೂದಲನ್ನು ಮೊದಲ ಸಲ ಬಾಗಿಸಿದಾಗ ಬುಡದಿಂದ ಹೊಳಪು ಹೊರಟು ಎಲೆಯಿಡೀ ಹರಡಿತು, ಆಮೇಲೆ ನಿಧಾನವಾಗಿ ಇಳಿಯತೊಡಗಿತು. ಪೂರ್ತಿ ಇಳಿಯುವ ಮುಂಚೆ ಎರಡನೇ ಸಲ ಬಾಗಿಸಿದರೆ ಹೊಳಪು ಮೊದಲಿಗಿಂತ ಮೇಲಕ್ಕೆ ಏರಿತು, ಬೋನು ಮುಚ್ಚಿತು. ತಡಮಾಡಿ ಬಾಗಿಸಿದರೆ ಅಷ್ಟೆತ್ತರಕ್ಕೆ ಏರಲಿಲ್ಲ, ಬೋನೂ ಮುಚ್ಚಲಿಲ್ಲ.

ನೆನಪು ಅಂತ ಕರೆಯುವುದು ಇದನ್ನೇ. ಇನ್ನೂ ಇಳಿಯದೆ ಉಳಿದ ಕ್ಯಾಲ್ಸಿಯಂ. ಎಣಿಕೆ ಅಂದರೂ ಇದೇ, ಒಂದರ ಮೇಲೊಂದು ಸೇರಿ ಮಿತಿ ದಾಟುವುದು. ಇಷ್ಟು ಸರಳ ಅಂತ ಹೇಳಿದರೆ ಗಿಡದ ಬೆಲೆ ಕಡಿಮೆಯಾಯಿತು ಅಂತ ಕೆಲವರಿಗೆ ಬೇಜಾರಾಗುತ್ತದೆ. ನನಗಂತೂ ಉಲ್ಟಾ ಅನ್ನಿಸುತ್ತದೆ. ಮಿದುಳೇ ಇಲ್ಲದೆ, ಬರೀ ಏರಿಳಿಯುವ ಒಂದು ಲವಣಾಂಶದಿಂದ ಇಂಥ ತೀರ್ಮಾನ ಸಾಧ್ಯ ಅನ್ನುವುದೇ ದೊಡ್ಡ ವಿಷಯ ಅಲ್ವಾ?

ಎಣಿಕೆ ಎರಡಕ್ಕೇ ನಿಲ್ಲುವುದಿಲ್ಲ. ಬೋನಿನೊಳಗೆ ಸಿಕ್ಕ ಹುಳ ಒದ್ದಾಡುತ್ತದೆ, ಒದ್ದಾಡಿದಷ್ಟೂ ಕೂದಲುಗಳಿಗೆ ತಗಲುತ್ತದೆ. ಜರ್ಮನಿಯ ವುರ್ಟ್ಸ್‌ಬುರ್ಗ್‌ನಲ್ಲಿ ರೈನರ್ ಹೆಡ್ರಿಕ್ ಅವರ ತಂಡ 2016ರಲ್ಲಿ ತೋರಿಸಿದ ಪ್ರಕಾರ, ಎರಡಾದ ಮೇಲೂ ಮಿಡಿತಗಳು ಬರುತ್ತಿದ್ದರೆ ಜಾಸ್ಮೊನೇಟ್ ಅನ್ನುವ ಹಾರ್ಮೋನಿನ ದಾರಿ ತೆರೆಯುತ್ತದೆ, ಐದರ ಹೊತ್ತಿಗೆ ಜೀರ್ಣರಸದ ತಯಾರಿ ಶುರುವಾಗುತ್ತದೆ, ಕರಗಿದ್ದನ್ನು ಹೀರಿಕೊಳ್ಳುವ ಏರ್ಪಾಡೂ ಆಗುತ್ತದೆ. ಮಿಡಿತ ಜಾಸ್ತಿ ಬಂದಷ್ಟೂ ತಯಾರಿ ಜಾಸ್ತಿ. ಒದ್ದಾಟವೇ ಇಲ್ಲದಿದ್ದರೆ, ಅಂದರೆ ಬೋನು ಸುಳ್ಳೇ ಮುಚ್ಚಿದ್ದರೆ, ಒಂದು ದಿನದೊಳಗೆ ಹೆಚ್ಚುಕಮ್ಮಿ ತೆರೆದುಕೊಳ್ಳುತ್ತದೆ. ಹುಳ ಇದ್ದರೆ ಅಂಚುಗಳು ಬಿಗಿಯಾಗಿ ಅಂಟಿಕೊಂಡು ಒಂದು ವಾರದ ಆಸುಪಾಸು ಮುಚ್ಚಿಯೇ ಇರುತ್ತದೆ. ಅಲ್ಲಿಗೆ ಬೋನು ಹೋಗಿ ಹೊಟ್ಟೆಯಾಯಿತು.

ಎರಡು ಸಲ ಅನ್ನುವ ನಿಯಮಕ್ಕೂ ಒಂದು ತಿದ್ದುಪಡಿ ಬಂದಿದೆ. 2020ರಲ್ಲೇ ಜ್ಯೂರಿಕ್‌ನ ಸಂಶೋಧಕರು ಕೂದಲನ್ನು ತೀರಾ ನಿಧಾನವಾಗಿ, ಯಂತ್ರದ ಕೈಯಿಂದ ಬಾಗಿಸಿ ನೋಡಿದರು. ಹಾಗೆ ನಿಧಾನವಾಗಿ ಬಾಗಿಸಿದಾಗ ಒಂದೇ ಸಲದಲ್ಲಿ ಎರಡು ಮಿಡಿತ ಹುಟ್ಟಿ ಬೋನು ಮುಚ್ಚಿಕೊಂಡಿತು. ತೆವಳುವ ಹುಳ, ಬಸವನಹುಳು ಇಂಥವನ್ನು ಹಿಡಿಯಲು ಇದು ಅನುಕೂಲ. ಗಿಡ ಲೆಕ್ಕ ಇಡುವುದು ಮುಟ್ಟಿದ ಸಲವನ್ನಲ್ಲ, ಮಿಡಿತವನ್ನು.

ಗಿಡಕ್ಕೆ ಬುದ್ಧಿ ಇದೆ ಅನ್ನುವವರು ಒಮ್ಮೆ ನೋಡಬೇಕಾದ ಇನ್ನೊಂದು ಪ್ರಯೋಗ ಇದೆ. ಜೆಕ್ ಗಣರಾಜ್ಯದ ಆಂದ್ರೇಯ್ ಪಾವ್ಲೊವಿಚ್ ಮತ್ತು ಜೊತೆಗಾರರು 2017ರಲ್ಲಿ ಬೋನಿಗೆ ಹುಳ ಹಾಕುವ ಬದಲು ಸೂಜಿಯಿಂದ ಚುಚ್ಚಿದರು. ಗಿಡ ಆಗಲೂ ಜೀರ್ಣರಸ ಸುರಿಸಿತು. ತಿನ್ನಲು ಒಳಗೆ ಏನೂ ಇರಲಿಲ್ಲ! ಕಾರಣ ಸರಳ. ಜಾಸ್ಮೊನೇಟ್ ಮೂಲದಲ್ಲಿ ಗಿಡಗಳ ರಕ್ಷಣೆಯ ಹಾರ್ಮೋನು. ಬೇರೆ ಗಿಡಗಳಲ್ಲಿ ಹುಳ ಎಲೆ ಕಡಿದಾಗ ಅದು ಏರುತ್ತದೆ, ಹುಳಕ್ಕೆ ಒಗ್ಗದ ರಾಸಾಯನಿಕಗಳು ತಯಾರಾಗುತ್ತವೆ. ಫ್ಲೈಟ್ರ್ಯಾಪ್ ಅದೇ ಹಳೇ ವ್ಯವಸ್ಥೆಯನ್ನು ಊಟಕ್ಕೆ ಬಳಸಿಕೊಂಡಿದೆ. ಹಾಗಾಗಿ ಗಾಯಕ್ಕೂ ಊಟಕ್ಕೂ ಅದಕ್ಕೆ ಸರಿಯಾಗಿ ವ್ಯತ್ಯಾಸ ತಿಳಿಯುವುದಿಲ್ಲ. ಹಿಂದೆ ಮನುಷ್ಯರಿಗೆ ಅರಿವಳಿಕೆಯಾಗಿ ಕೊಡುತ್ತಿದ್ದ ಈಥರ್‌ನ ಆವಿಯಲ್ಲಿಟ್ಟರೆ ಬೋನು ಮುಚ್ಚುವುದಿಲ್ಲ ಅನ್ನುವ 2018ರ ಪ್ರಯೋಗವನ್ನು ಹಿಡಿದುಕೊಂಡು 'ಗಿಡಕ್ಕೂ ಪ್ರಜ್ಞೆ ತಪ್ಪುತ್ತದೆ' ಅಂತ ಬರೆದವರಿದ್ದಾರೆ. ಈಥರ್ ಕೋಶಪೊರೆಯ ಮೇಲೆ ಪರಿಣಾಮ ಮಾಡುತ್ತದೆ, ಮಿಡಿತ ನಿಲ್ಲುತ್ತದೆ. ಮಿಡಿತ ನಿಂತದ್ದಕ್ಕೆ ಪ್ರಜ್ಞೆಯನ್ನು ಎಳೆದು ತರುವ ಅಗತ್ಯ ಏನೂ ಇಲ್ಲ.

ಇಷ್ಟು ಹೊತ್ತು ಫ್ಲೈಟ್ರ್ಯಾಪ್‌ನದೇ ಮಾತಾಯಿತು, ಆದರೆ ವೇಗದಲ್ಲಿ ಅದು ರಾಜನಲ್ಲ. ಆ ಪಟ್ಟ ಯುಟ್ರಿಕ್ಯುಲೇರಿಯಾ ಅನ್ನುವ ಗಿಡದ್ದು, ಬ್ಲ್ಯಾಡರ್‌ವರ್ಟ್ ಅಂತಲೂ ಕರೆಯುತ್ತಾರೆ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ, ಹಲವು ನಿಂತ ನೀರಿನಲ್ಲಿ ತೇಲುತ್ತಾ ಬೆಳೆಯುತ್ತವೆ, ಬೇರೇ ಇಲ್ಲ. ಮೇಲೆ ನೋಡಿದರೆ ನೀರಿನ ಮೇಲೆ ಪುಟ್ಟ ಹೂವು, ಅಷ್ಟೇ. ನೀರೊಳಗಿನ ಎಳೆಗಳ ಮೇಲೆ ಮಾತ್ರ ಸಣ್ಣ ಸಣ್ಣ ಪಾರದರ್ಶಕ ಚೀಲಗಳು, ಹೆಚ್ಚಿನವು ಒಂದೆರಡು ಮಿಲಿಮೀಟರ್ ಗಾತ್ರದವು.

ಒಂದು ಚೀಲವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ, ಗೋಡೆ ಎರಡೇ ಕೋಶದಷ್ಟು ದಪ್ಪ, ಒಂದು ತುದಿಯಲ್ಲಿ ಬಾಯಿ, ಬಾಯಿಗೆ ಒಳಮುಖವಾಗಿ ತೆರೆಯುವ ಒಂದು ಬಾಗಿದ ಬಾಗಿಲು, ಬಾಗಿಲಿನ ಹೊರಗೆ ಚಾಚಿಕೊಂಡ ಕೆಲವು ಗಡುಸು ಕೂದಲುಗಳು. ಚೀಲದ ಗೋಡೆಯಲ್ಲಿರುವ ಗ್ರಂಥಿಗಳು ಒಳಗಿನ ನೀರನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತವೆ. ಒಳಗೆ ನೀರು ಕಡಿಮೆಯಾದಂತೆ ಚೀಲದ ಎರಡು ಮಗ್ಗುಲುಗಳು ಒಳಕ್ಕೆ ಸೆಳೆದುಕೊಳ್ಳುತ್ತವೆ, ಗೋಡೆಯಲ್ಲಿ ಬಿಗಿತ ತುಂಬುತ್ತದೆ. ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು. ಬಾಗಿಲು ಹೊರಮುಖವಾಗಿ ಉಬ್ಬಿಕೊಂಡು ಹೊರಗಿನ ನೀರಿನ ಒತ್ತಡವನ್ನು ತಡೆದು ನಿಂತಿರುತ್ತದೆ, ಆದರೆ ಹೇಗೋ ಹಾಗೆ ನಿಂತಿರುತ್ತದೆ ಅಷ್ಟೇ. ಒಂದು ನೀರುಚಿಗಟೆ ಬಂದು ಕೂದಲಿಗೆ ತಗಲಿದರೆ ಆ ಉಬ್ಬು ಒಳಕ್ಕೆ ಮಡಚಿಕೊಂಡು ಬಾಗಿಲು ತೆರೆಯುತ್ತದೆ, ಸೆಳೆದುಕೊಂಡಿದ್ದ ಮಗ್ಗುಲುಗಳು ಹಿಗ್ಗುತ್ತವೆ, ನೀರು ಹುಳದ ಸಮೇತ ಒಳಕ್ಕೆ ನುಗ್ಗುತ್ತದೆ, ಬಾಗಿಲು ಮತ್ತೆ ಮುಚ್ಚುತ್ತದೆ. ಒಳಕ್ಕೆಳೆಯುವ ಕೆಲಸ ಒಂದು ಮಿಲಿಸೆಕೆಂಡಿನ ಲೆಕ್ಕದ್ದು. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಫಿಲಿಪ್ ಮಾರ್ಮೊತಾನ್ ಅವರ ಜೊತೆಗಾರರು 2011ರಲ್ಲಿ ಇದನ್ನು ಅಳೆದಾಗ, ಒಳನುಗ್ಗುವ ನೀರಿನ ವೇಗವರ್ಧನೆ ಗುರುತ್ವಾಕರ್ಷಣೆಯ 600 ಪಟ್ಟಿನವರೆಗೆ ಸಿಕ್ಕಿತು. ನೀರುಚಿಗಟೆಗೆ ಈಜಿ ತಪ್ಪಿಸಿಕೊಳ್ಳುವ ಅವಕಾಶವೇ ಇಲ್ಲ.

ಇದರಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲ ಅನ್ನಿಸಿದ್ದು ವೇಗವಲ್ಲ. ಈ ಚೀಲಗಳು ಯಾರೂ ಮುಟ್ಟದೆಯೂ ಆಗಾಗ ತಾವಾಗಿ ಸಿಡಿಯುತ್ತವೆ. ಗ್ರಂಥಿಗಳು ನೀರು ತಳ್ಳುತ್ತಲೇ ಇರುತ್ತವೆ, ಒಳಗಿನ ಸೆಳೆತ ಜಾಸ್ತಿಯಾಗುತ್ತಲೇ ಇರುತ್ತದೆ, ಒಂದು ಹಂತದಲ್ಲಿ ಬಾಗಿಲು ತಡೆಯಲಾರದೆ ಮಡಚಿಕೊಳ್ಳುತ್ತದೆ. ಆಮೇಲೆ ಮತ್ತೆ ಮೊದಲಿನಿಂದ ಶುರು. ಇಲ್ಲಿ ಬೇಟೆಯೂ ಇಲ್ಲ, ತೀರ್ಮಾನವೂ ಇಲ್ಲ, ಕೂಡಿಟ್ಟ ಬಿಗಿತ ಮಿತಿ ಮೀರಿತು ಅಷ್ಟೇ. ಫ್ಲೈಟ್ರ್ಯಾಪ್‌ನಲ್ಲಿ ಮುಟ್ಟುವಿಕೆಗೂ ಮುಚ್ಚುವಿಕೆಗೂ ನಡುವೆ ವಿದ್ಯುತ್ ಮಿಡಿತ ಬೇಕು. ಇಲ್ಲಿ ಕೂದಲು ಬರೀ ಸನ್ನೆಗೋಲು. ಅದು ಬಾಗಿಲನ್ನು ನೇರವಾಗಿ ತಳ್ಳಿ ಅಂಚು ದಾಟಿಸುತ್ತದೆ ಅನ್ನುವ ವಾದಕ್ಕೇ ಈಗ ಬಲ ಜಾಸ್ತಿ.

ಡಾರ್ವಿನ್‌ಗೆ ಇದು ಸಿಕ್ಕಿರಲಿಲ್ಲ. ಹುಳಗಳೇ ತಲೆಯಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತವೆ ಅಂತ ಅವರು ಅಂದುಕೊಂಡಿದ್ದರು. ಅಮೆರಿಕದ ನ್ಯೂಜೆರ್ಸಿಯಲ್ಲಿ ಇದೇ ಚೀಲಗಳನ್ನು ಗಂಟೆಗಟ್ಟಲೆ ನೋಡುತ್ತಾ ಕೂತವರು ಮೇರಿ ಟ್ರೀಟ್. ಯಾವ ವಿಶ್ವವಿದ್ಯಾಲಯದ ಹುದ್ದೆಯೂ ಅವರಿಗಿರಲಿಲ್ಲ. ಹುಳ ಬಾಗಿಲ ಬಳಿ ಬಂದಾಗ ಒಳಕ್ಕೆ ಎಳೆದುಕೊಂಡಂತಾಗುತ್ತದೆ ಅಂತ ಅವರು ಗಮನಿಸಿದ್ದರು. ಅವರ ಗಮನಿಕೆಗಳನ್ನು ಡಾರ್ವಿನ್ ತಮ್ಮ ಪುಸ್ತಕದಲ್ಲಿ ಗೌರವದಿಂದಲೇ ಉಲ್ಲೇಖಿಸಿದ್ದಾರೆ.

ನೀರೊಳಗೆ ಬೋನಿಡುವ ಇನ್ನೊಂದು ಗಿಡ ಆಲ್ಡ್ರೊವಾಂಡಾ. ಫ್ಲೈಟ್ರ್ಯಾಪ್‌ನ ಹತ್ತಿರದ ನೆಂಟ. ಬೋನು ಕೆಲವೇ ಮಿಲಿಮೀಟರ್ ಉದ್ದ, ಕೂದಲು ಹತ್ತಾರು. ನೋಡಲು ಪುಟ್ಟ ಫ್ಲೈಟ್ರ್ಯಾಪ್‌ನ ಹಾಗೇ ಇದ್ದರೂ ಮುಚ್ಚುವ ಉಪಾಯ ಬೇರೆ: ಹೋಳುಗಳು ಬಾಗು ಬದಲಿಸುವುದಿಲ್ಲ, ಎಲೆಯ ನಡುವಿನ ದಿಂಡು ಬಾಗಿ ಅವೆರಡನ್ನೂ ಎಳೆದು ಸೇರಿಸುತ್ತದೆ. ಬೋನು ಅಷ್ಟು ಸಣ್ಣದು, ಗೋಡೆ ಅಷ್ಟು ತೆಳು, ಆದ್ದರಿಂದ ನೀರು ಸರಿಯುವ ದಾರಿಯೂ ಚಿಕ್ಕದು. ದಪ್ಪದ ಲೆಕ್ಕ ಇಲ್ಲೂ ಬಂತು ನೋಡಿ.

ಫ್ಲೈಟ್ರ್ಯಾಪ್, ಆಲ್ಡ್ರೊವಾಂಡಾ ಈ ಎರಡೂ ಗಿಡಗಳ ಮೂಲ ಅಂಟಿನ ಗಿಡಗಳಲ್ಲಿದೆ. ಸನ್‌ಡ್ಯೂ, ಅಂದರೆ ಡ್ರಾಸೆರಾ ಗಿಡದ ಎಲೆಯ ಮೇಲೆ ಕೆಂಪು ಕಡ್ಡಿಗಳು, ಪ್ರತಿ ಕಡ್ಡಿಯ ತುದಿಯಲ್ಲಿ ಹೊಳೆಯುವ ಅಂಟುಹನಿ. ಹುಳ ಬಂದು ಅಂಟಿಕೊಳ್ಳುತ್ತದೆ, ಸುತ್ತಲಿನ ಕಡ್ಡಿಗಳು ಒಂದೊಂದಾಗಿ ಅದರ ಕಡೆಗೆ ಬಾಗುತ್ತವೆ, ಕೆಲವು ಬಗೆಗಳಲ್ಲಿ ಎಲೆಯೇ ಸುತ್ತಿಕೊಳ್ಳುತ್ತದೆ. ನಿಮಿಷಗಳಿಂದ ಗಂಟೆಗಳವರೆಗಿನ ಕೆಲಸ ಇದು, ಬೆಳವಣಿಗೆಯೇ ಇಲ್ಲಿ ಚಲನೆ: ಒಂದು ಮಗ್ಗುಲು ಇನ್ನೊಂದಕ್ಕಿಂತ ಬೇಗ ಉದ್ದವಾಗುತ್ತದೆ. ಅವಸರ ಯಾಕೆ, ಅಂಟು ಹೇಗೂ ಹುಳವನ್ನು ಹಿಡಿದಿಟ್ಟಿದೆ. ಆದರೆ ಸ್ಪರ್ಶಜ್ಞಾನ ಮಾತ್ರ ಭಯಂಕರ ಚುರುಕು. ಡಾರ್ವಿನ್ 0.000822 ಮಿಲಿಗ್ರಾಂ ತೂಕದ ಮನುಷ್ಯರ ಕೂದಲಿನ ಚೂರನ್ನು ಇಟ್ಟಾಗಲೂ ಕಡ್ಡಿ ಬಾಗಿತ್ತು. ಅದೇ ಗಿಡದ ಮೇಲೆ ನೀರಿನ ಹನಿ ಬಿದ್ದರೆ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. 1860ರಲ್ಲಿ ಗೆಳೆಯ ಚಾರ್ಲ್ಸ್ ಲಯೆಲ್‌ಗೆ ಬರೆದ ಪತ್ರದಲ್ಲಿ ಡಾರ್ವಿನ್, ಜಗತ್ತಿನ ಎಲ್ಲ ಜೀವಜಾತಿಗಳ ಹುಟ್ಟಿಗಿಂತ ತನಗೆ ಈಗ ಡ್ರಾಸೆರಾ ಮುಖ್ಯ ಅಂದಿದ್ದರು. ಅಷ್ಟು ಹುಚ್ಚು ಹಿಡಿಸಿತ್ತು ಅದು.

ಇದೇ ಕುಟುಂಬದಲ್ಲಿ ಒಂದು ತುಂಟ ಇದೆ, ದಕ್ಷಿಣ ಆಸ್ಟ್ರೇಲಿಯಾದ ಡ್ರಾಸೆರಾ ಗ್ಲಾಂಡುಲಿಜೆರಾ. ಎಲೆಯ ಅಂಚಿನಲ್ಲಿ ಅಂಟೇ ಇಲ್ಲದ ಉದ್ದ ಕಡ್ಡಿಗಳಿವೆ. ಇರುವೆಯಂಥದ್ದು ಅದನ್ನು ಮುಟ್ಟಿದರೆ ಕಡ್ಡಿ ಮಡಚಿ, ಹುಳವನ್ನು ಎತ್ತಿ ಎಲೆಯ ನಡುವಿನ ಅಂಟಿನ ಮೇಲೆ ಎಸೆಯುತ್ತದೆ. ಸೈಮನ್ ಪಾಪ್ಪಿಂಗಾ ಮತ್ತು ಸಂಗಡಿಗರು 2012ರಲ್ಲಿ ಅಳೆದಾಗ ಈ ಎಸೆತಕ್ಕೆ 75 ಮಿಲಿಸೆಕೆಂಡು ಸಾಕಾಗಿತ್ತು. ಒಂದು ಕಡ್ಡಿ ಒಂದೇ ಸಲ. ಬಾಗುವ ಜಾಗದ ಕೋಶಗಳು ಮುದುಡಿಹೋಗುತ್ತವೆ, ಆ ಕಡ್ಡಿ ಇನ್ನೊಮ್ಮೆ ಏಳುವುದಿಲ್ಲ. ಈ ಗಿಡದ ಆಯಸ್ಸೂ ಒಂದು ಋತುವಿನದು, ಹೊಸ ಎಲೆ ಬೇಗ ಬೇಗ ಬರುತ್ತದೆ, ಹಾಗಾಗಿ ನಷ್ಟವಿಲ್ಲ.

ಹೂಜಿಯಂಥ ಎಲೆಯೊಳಗೆ ಹುಳ ಬೀಳಿಸಿಕೊಳ್ಳುವ ಹೂಜಿ ಗಿಡಗಳು ಅಲುಗುವುದೇ ಇಲ್ಲ, ಜಾರುವ ಅಂಚೇ ಅವುಗಳ ಬಂಡವಾಳ ಅಂತ ಬಹಳ ಕಾಲ ಅಂದುಕೊಳ್ಳಲಾಗಿತ್ತು. ನೆಪೆಂಥೆಸ್ ಗ್ರಾಸಿಲಿಸ್ ಅನ್ನುವ ಆಗ್ನೇಯ ಏಷ್ಯಾದ ಬಗೆ ಆ ಮಾತನ್ನು ಸ್ವಲ್ಪ ಕೆಡಿಸಿತು. ಇದರ ಮುಚ್ಚಳದ ಕೆಳಮೈಯಲ್ಲಿ ಮಕರಂದ ಇರುತ್ತದೆ, ಇರುವೆಗಳು ತಲೆಕೆಳಗಾಗಿ ನಡೆದುಕೊಂಡು ಅದನ್ನು ನೆಕ್ಕುತ್ತವೆ. ಒಣಗಿದ್ದಾಗ ಏನೂ ಆಗುವುದಿಲ್ಲ. ಮಳೆಹನಿ ಮುಚ್ಚಳದ ಮೇಲೆ ಬಿದ್ದರೆ ಅದು ಝಲ್ಲನೆ ಕೆಳಕ್ಕೆ ಹೋಗಿ ಬರುತ್ತದೆ, ಇರುವೆ ಕಾಲು ತಪ್ಪಿ ಹೂಜಿಯೊಳಕ್ಕೆ. ಉಲ್ರಿಕೆ ಬಾಯರ್ ಅವರ ತಂಡ ಇದನ್ನು 2012ರಲ್ಲಿ ಮೊದಲು ವರದಿ ಮಾಡಿತು. ಗಿಡಕ್ಕೆ ಇಲ್ಲಿ ಶಕ್ತಿಯ ಖರ್ಚೇ ಇಲ್ಲ, ಮಳೆಯದ್ದೇ ಪೂರ್ತಿ ಕೆಲಸ. ಮುಚ್ಚಳ ಎಷ್ಟು ಗಡುಸಾಗಿರಬೇಕು, ಎಲ್ಲಿ ಬಾಗಬೇಕು ಅನ್ನುವುದನ್ನು ಮಾತ್ರ ಗಿಡ ಬೆಳೆಯುವಾಗಲೇ ಸರಿಮಾಡಿಕೊಂಡಿದೆ.

ಇಷ್ಟೊಂದು ತಲೆಬಿಸಿ ಯಾಕೆ, ಅಂಟು ಹಚ್ಚಿಕೊಂಡು ಕೂತರೆ ಸಾಲದೇ? ಈ ಗಿಡಗಳು ಬೆಳೆಯುವ ನೆಲದಲ್ಲಿ ಸಾರಜನಕ, ರಂಜಕ ತೀರಾ ಕಡಿಮೆ. ಹುಳದಿಂದ ಅವು ಪಡೆಯುವುದು ಗೊಬ್ಬರವೇ ಹೊರತು ಹೊಟ್ಟೆಪಾಡಿನ ಶಕ್ತಿಯಲ್ಲ, ಶಕ್ತಿಗೆ ಉಳಿದ ಗಿಡಗಳಂತೆ ಬಿಸಿಲೇ ಗತಿ. ಅಂಟು ಸಣ್ಣ ಹುಳಕ್ಕೆ ಸರಿ, ದೊಡ್ಡದು ಕಿತ್ತುಕೊಂಡು ಹೋಗಿಬಿಡುತ್ತದೆ. ದೊಡ್ಡ ಹುಳ ಸಿಕ್ಕರೆ ಗೊಬ್ಬರ ಜಾಸ್ತಿ. ಫ್ಲೈಟ್ರ್ಯಾಪ್‌ನಂಥ ಬೋನು ಹುಟ್ಟಿಕೊಂಡದ್ದಕ್ಕೆ ಸಸ್ಯಶಾಸ್ತ್ರಜ್ಞರು ಮುಖ್ಯವಾಗಿ ಕೊಡುವ ಕಾರಣ ಇದು. ಅದರ ನಿಜವಾದ ಊಟದ ಪಟ್ಟಿ ನೋಡಿದರೂ ಇದು ಹೊಂದುತ್ತದೆ. ಕಾಡಿನಲ್ಲಿ ಅದರ ಬೋನಿಗೆ ಬೀಳುವುದು ಹೆಚ್ಚಾಗಿ ಇರುವೆ, ಜೇಡ, ಜೀರುಂಡೆ, ಮಿಡತೆಗಳು. ನೊಣ ಅಪರೂಪ. ವಿಡಿಯೋದಲ್ಲಿ ನೊಣ ಇರುವುದು ಯಾರೋ ತಂದು ಬಿಟ್ಟದ್ದರಿಂದ.

ಆದರೆ ಬೋನು ದುಬಾರಿ. ಅದನ್ನು ಕಟ್ಟಲು ಬಳಸಿದ ಎಲೆ ಬಿಸಿಲು ಹಿಡಿಯುವ ಕೆಲಸದಲ್ಲಿ ಹಿಂದೆ ಬೀಳುತ್ತದೆ. ಮಿಡಿತ ಹರಿದಾಗ ಸ್ವಲ್ಪ ಹೊತ್ತು ದ್ಯುತಿಸಂಶ್ಲೇಷಣೆಯೂ ಕುಸಿಯುತ್ತದೆ. ಮುಚ್ಚಿ ತೆರೆಯುವುದು ಕೆಲವೇ ಸಲ ಸಾಧ್ಯ, ಆಮೇಲೆ ಆ ಬೋನು ಮುಚ್ಚುವುದನ್ನೇ ಬಿಡುತ್ತದೆ. ಸುಮ್ನೆ ಬೆರಳು ಹಾಕಿ ಮುಚ್ಚಿಸಿ ಆಟವಾಡುವವರು ಗಿಡದ ಗಂಟನ್ನು ಕರಗಿಸುತ್ತಿದ್ದಾರೆ. ಎರಡು ಸಲ ಮುಟ್ಟಬೇಕು ಅನ್ನುವ ನಿಯಮ ಇರುವುದೇ ಇಂಥ ವ್ಯರ್ಥ ಖರ್ಚು ತಪ್ಪಿಸಲು.

ಈಗ ಸಂಶೋಧನೆ ನಿಂತಿರುವುದು ಎಲ್ಲಿ? ಮುಟ್ಟಿದ್ದು ಗೊತ್ತಾಗುವ ಭಾಗ ಬಹಳ ಮಟ್ಟಿಗೆ ಬಿಡಿಸಿದಂತಾಗಿದೆ. ಕೂದಲಿನ ಬುಡದ ಕೋಶಗಳಲ್ಲಿ ಎಳೆತಕ್ಕೆ ತೆರೆಯುವ ಒಂದು ಬಾಗಿಲು, ಫ್ಲೈಕ್ಯಾಚರ್1 ಅನ್ನುವ ಪ್ರೋಟೀನು, 2021ರಲ್ಲಿ ಬೆಳಕಿಗೆ ಬಂತು. ಅದೇ ಬಳಗದ ಎಂಎಸ್ಎಲ್10 ಅನ್ನುವ ಇನ್ನೊಂದನ್ನು 2025ರಲ್ಲಿ ಜಪಾನಿನ ಸೈತಾಮಾ ವಿಶ್ವವಿದ್ಯಾಲಯದ ತಂಡ ಪರೀಕ್ಷಿಸಿತು. ಆ ಜೀನನ್ನು ಕೆಡಿಸಿದ ಗಿಡಗಳನ್ನು ಬೆಳೆಸಿ ನೋಡಿದರೆ, ಮೆಲ್ಲಗೆ ತಗಲಿದಾಗ ಮಿಡಿತ ಹುಟ್ಟುವುದೇ ಕಷ್ಟವಾಯಿತು, ಮೇಲೆ ಇರುವೆ ಓಡಾಡಿದರೂ ಬೋನು ಮುಚ್ಚುವುದು ಕಡಿಮೆಯಾಯಿತು.

ಆಮೇಲಿನ ಕೊಂಡಿ ಮಾತ್ರ ಇನ್ನೂ ಜಗಳದಲ್ಲಿದೆ. ಕ್ಯಾಲ್ಸಿಯಂ ಮಿತಿ ದಾಟಿತು, ಹೊರಪದರ ಹಿಗ್ಗಿತು, ಈ ಎರಡರ ನಡುವೆ ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಏನು ನಡೆಯಿತು? ಕೋಶಗೋಡೆಗೆ ಆಮ್ಲ ಸೇರಿ ಅದು ಸಡಿಲವಾಗುತ್ತದೆ ಅಂತ 1982ರಲ್ಲೇ ಒಂದು ವಾದ ಬಂದಿತ್ತು. ಒಳಪದರದ ಕೋಶಗಳು ನೀರಿನ ಒತ್ತಡ ಕಳೆದುಕೊಳ್ಳುತ್ತವೆ ಅನ್ನುವುದು ಇನ್ನೊಂದು, ಪದರಗಳ ನಡುವೆ ನೀರೇ ಸರಿಯುತ್ತದೆ ಅನ್ನುವುದು ಮತ್ತೊಂದು. ಯಾವುದು ಸರಿ ಅಂತ ತೀರ್ಮಾನಿಸಲು ಮುಚ್ಚುತ್ತಿರುವ ಎಲೆಯ ಒಂದೊಂದು ಕೋಶದ ಒತ್ತಡವನ್ನೂ ಆಗಿಂದಾಗಲೇ ಅಳೆಯಬೇಕು. ಒತ್ತಡ ಅಳೆಯುವ ಉಪಕರಣ ಕೋಶಕ್ಕೆ ಚುಚ್ಚುವ ತೀರಾ ಸಣ್ಣ ಗಾಜಿನ ಸೂಜಿ. ಎಲೆ ಅಷ್ಟು ವೇಗವಾಗಿ ತಿರುಗಿಕೊಳ್ಳುವಾಗ ಆ ಸೂಜಿ ಅಲ್ಲಿ ನಿಲ್ಲುವುದು ಕಷ್ಟ, ಚುಚ್ಚಿದ್ದಕ್ಕೇ ಗಿಡ ಹುಳ ಬಂತು ಅಂದುಕೊಂಡು ಮಿಡಿತ ಹೊರಡಿಸುವ ಕಾಟ ಬೇರೆ.